ಒಬ್ಬರನ್ನಾದರೂ ಕೇಳಬೇಕಿತ್ತು

ಓದುಗರೊಬ್ಬರ ಪತ್ರದ ಸಾರ: "ವಿಡಿಯೋ ಗೇಮ್ ಆಡುವವರ ನಡುವೆ ಹುಟ್ಟಿದ ಗೇಮರ್‌ಗೇಟ್ ಎಂಬ ಹ್ಯಾಷ್‌ಟ್ಯಾಗ್ ಚಳವಳಿಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಅದರಲ್ಲಿದ್ದವರನ್ನೆಲ್ಲ ಹೆಣ್ಣುಮಕ್ಕಳನ್ನು ಕಾಡುವ ಗುಂಪು ಎಂದು ಒಂದೇ ಸಾಲಿನಲ್ಲಿ ಮುಗಿಸಿದೆ. 2014ರಲ್ಲಿ ನಾನೂ ಆ ಹ್ಯಾಷ್‌ಟ್ಯಾಗ್ ಹಾಕಿದ್ದೆ. ಯಾರಿಗೂ ಬೆದರಿಕೆ ಹಾಕಿಲ್ಲ. ನನ್ನಂಥವರ ಮಾತು ಯಾರಿಗೂ ಬೇಡವೇ? ಎರಡೂ ಕಡೆಗೆ ಅರ್ಧರ್ಧ ಜಾಗ ಕೊಡುವುದು ನ್ಯಾಯ ಅಲ್ವಾ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಟ್ಟಿನ ಪತ್ರಗಳು ನಮಗೆ ದಿನಾ ಬರುತ್ತವೆ. ಸಿಟ್ಟಿದ್ದೂ ಪ್ರಶ್ನೆಯನ್ನು ಇಷ್ಟು ನೆಟ್ಟಗೆ ಕೇಳುವ ಪತ್ರ ಅಪರೂಪ.

ಮೊದಲು ನಮ್ಮ ತಪ್ಪು. ಆ ಲೇಖನಕ್ಕಾಗಿ ನಾವು ಹ್ಯಾಷ್‌ಟ್ಯಾಗ್ ಹಾಕಿದ ಒಬ್ಬರನ್ನೂ ಮಾತಾಡಿಸಲಿಲ್ಲ. ಅವರು ಬರೆದದ್ದನ್ನು ಓದಿದೆವು, ಅದರಲ್ಲಿ ತುಂಬಾ ಕೆಟ್ಟದ್ದನ್ನು ಆರಿಸಿಕೊಂಡೆವು, ಅಚ್ಚು ಹಾಕಿದೆವು. ಇದು ವರದಿಗಾರಿಕೆ ಅಲ್ಲ.

ಆದರೆ ಅರ್ಧರ್ಧ ಎನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಇದು ಶುರುವಾದದ್ದು ಹೇಗೆ ಅಂತ ನಿಮಗೆ ಗೊತ್ತು. 2014ರ ಆಗಸ್ಟ್‌ನಲ್ಲಿ ಗೇಮ್ ತಯಾರಿಸುವ ಯುವತಿಯೊಬ್ಬರ ಹಳೆಯ ಗೆಳೆಯ ಅವರ ಖಾಸಗಿ ಬದುಕಿನ ಬಗ್ಗೆ ಉದ್ದಕ್ಕೆ ಬರೆದು ಹಾಕಿದ. ಅವರೊಂದಿಗಿನ ನಂಟಿಗಾಗಿ ಅವರ ಗೇಮ್‌ಗೆ ಪತ್ರಕರ್ತನೊಬ್ಬ ಒಳ್ಳೆಯ ವಿಮರ್ಶೆ ಬರೆದುಕೊಟ್ಟ ಎಂಬ ಆರೋಪ ಅದರ ಬೆನ್ನಿಗೇ ಹಬ್ಬಿತು. ಆ ಪತ್ರಕರ್ತ ಆ ಗೇಮ್‌ನ ವಿಮರ್ಶೆಯನ್ನೇ ಬರೆದಿರಲಿಲ್ಲ. ಇಲ್ಲದ ವಿಮರ್ಶೆಗೆ ಅರ್ಧ ಪುಟ ಕೊಡುವುದು ಹೇಗೆ? ಅದೇ ವರ್ಷದ ಅಕ್ಟೋಬರ್‌ನಲ್ಲಿ, ಗೇಮ್‌ಗಳಲ್ಲಿ ಹೆಣ್ಣನ್ನು ತೋರಿಸುವ ರೀತಿಯನ್ನು ಟೀಕಿಸುತ್ತಿದ್ದ ಅನೀಟಾ ಸರ್ಕೀಸಿಯನ್ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಬೇಕಿತ್ತು. ಬಂದರೆ ಗುಂಡು ಹಾರಿಸುತ್ತೇವೆ ಎಂಬ ಬೆದರಿಕೆ ಬಂತು. ಪರವಾನಗಿ ಇದ್ದವರು ಸಭೆಗೆ ಬಂದೂಕು ತರುವುದನ್ನು ಅಲ್ಲಿನ ಕಾನೂನಿನ ಪ್ರಕಾರ ತಡೆಯಲಾಗುವುದಿಲ್ಲ ಎಂದು ಗೊತ್ತಾದಾಗ ಅವರು ಭಾಷಣವನ್ನೇ ಬಿಟ್ಟರು. ಇದಕ್ಕೆ ಇನ್ನೊಂದು ಕಡೆ ಅನ್ನುವುದಿಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸು ನಿಮ್ಮ ಮೊದಲ ಪ್ರಶ್ನೆಯ ಹತ್ತಿರವೇ ಹೋಗುತ್ತದೆ. ನಿಮ್ಮಂಥವರ ಮಾತು ಬೇಡವೇ? ಖಂಡಿತ ಬೇಕು. ಪತ್ರಕರ್ತರಿಗೂ ಗೇಮ್ ತಯಾರಕರಿಗೂ ನಂಟು ಜಾಸ್ತಿಯಾಗಿದೆ ಎಂದು ನೀವು ದೂರಿದಿರಿ. ಅದೇ ಆಗಸ್ಟ್‌ನಲ್ಲಿ ಗೇಮ್ ಸುದ್ದಿಯ ಜಾಲತಾಣ ಕೊಟಾಕು ತನ್ನ ಬರಹಗಾರರು ಪೇಟ್ರಿಯಾನ್ ಎಂಬ ದೇಣಿಗೆ ತಾಣದ ಮೂಲಕ ಗೇಮ್ ತಯಾರಕರಿಗೆ ಹಣ ಕೊಡುವುದನ್ನು ನಿಲ್ಲಿಸಿತು. ಅಂಥದೇ ಇನ್ನೊಂದು ತಾಣ ಪಾಲಿಗಾನ್, ಹಾಗೆ ಕೊಟ್ಟಿದ್ದರೆ ಓದುಗರಿಗೆ ಹೇಳಲೇಬೇಕು ಎಂದಿತು. ದೂರಿನಲ್ಲಿ ಹುರುಳೇ ಇಲ್ಲದಿದ್ದರೆ ನಿಯಮ ಯಾಕೆ ಬದಲಾಗುತ್ತಿತ್ತು? ಬೆದರಿಕೆಯ ಸುದ್ದಿ ಬರೆದ ಎಷ್ಟೋ ಕಡೆ ಇದಕ್ಕೆ ಒಂದು ಸಾಲೂ ಸಿಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೆರವಣಿಗೆಯ ವರದಿಗೆ ಹೋಗಿದ್ದೆ. ಮೂರು ಗಂಟೆ ಜನ ಸುಮ್ಮನೆ ನಡೆದರು. ಕೊನೆಯಲ್ಲಿ ಒಬ್ಬ ಹುಡುಗ ಕಲ್ಲು ಎಸೆದ. ನನ್ನ ವರದಿಯ ಮೊದಲ ಸಾಲು ಆ ಕಲ್ಲು. ಮಾರನೇ ದಿನ ಮೆರವಣಿಗೆಯಲ್ಲಿದ್ದ ಒಬ್ಬ ಹೆಂಗಸು ಕಚೇರಿಗೆ ಬಂದು, "ನಾವು ಯಾಕೆ ನಡೆದೆವು ಅಂತ ಒಂದು ಕಡೆಯೂ ಬರೆದಿಲ್ಲವಲ್ಲಪ್ಪ" ಅಂದರು. ಸಿಟ್ಟು ಮಾಡಿಕೊಂಡಿದ್ದರೆ ಮರೆತುಬಿಡುತ್ತಿದ್ದೆ. ಅವರು ಮೆಲ್ಲಗೆ ಹೇಳಿದರು. ಅದಕ್ಕೇ ಇನ್ನೂ ಮರೆತಿಲ್ಲ.

1960ರ ದಶಕದಲ್ಲಿ ಅಮೆರಿಕದ ವಿದ್ಯಾರ್ಥಿ ಚಳವಳಿಯನ್ನು ಪತ್ರಿಕೆ, ಟಿವಿಗಳು ಹೇಗೆ ತೋರಿಸಿದವು ಎಂದು ಸಮಾಜಶಾಸ್ತ್ರಜ್ಞ ಟಾಡ್ ಗಿಟ್ಲಿನ್ ಅಧ್ಯಯನ ಮಾಡಿದರು. ಅವರು ಸ್ವತಃ ಆ ಚಳವಳಿಯ ಸಂಘಟನೆಯ ಅಧ್ಯಕ್ಷರಾಗಿದ್ದವರು. ಗದ್ದಲ ಮಾಡುವವರ ಮೇಲೇ ಕ್ಯಾಮೆರಾ ನಿಲ್ಲುತ್ತದೆ, ನಿಂತಷ್ಟೂ ಅವರೇ ನಾಯಕರಾಗುತ್ತಾರೆ ಎಂಬುದು ಅವರು ಕಂಡುಕೊಂಡ ಸತ್ಯ. ಆಗ ಸಂಘಟನೆಗೆ ಒಂದು ಕಚೇರಿಯಾದರೂ ಇತ್ತು. ಹ್ಯಾಷ್‌ಟ್ಯಾಗ್‌ಗೆ ಅದೂ ಇಲ್ಲ. ಯಾರು ಬೇಕಾದರೂ ಸೇರಬಹುದು, ಯಾರನ್ನೂ ಹೊರಗೆ ಹಾಕಲಾಗುವುದಿಲ್ಲ. ಹಾಗಾಗಿ ಒಬ್ಬನ ಬೆದರಿಕೆ ಎಲ್ಲರ ಹೆಸರಿಗೆ ಅಂಟುತ್ತದೆ. ಆ ಬೆದರಿಕೆ ಹಾಕಿದವನನ್ನು "ಅವನು ನಮ್ಮವನಲ್ಲ" ಅಂದುಬಿಡುವುದು ಉಳಿದವರಿಗೂ ಸುಲಭವಾಗುತ್ತದೆ.

ಇದಕ್ಕೆ ದಾರಿ ಹುಡುಕಿದವರೂ ಇದ್ದರು. ಅಮೆರಿಕದ ವೃತ್ತಿಪರ ಪತ್ರಕರ್ತರ ಸಂಘದಲ್ಲಿದ್ದ ಮೈಕೇಲ್ ಕೊರೆಟ್ಸ್ಕಿ 2015ರ ಆಗಸ್ಟ್‌ನಲ್ಲಿ ಮಯಾಮಿಯಲ್ಲಿ ಗೇಮರ್‌ಗೇಟ್ ಬೆಂಬಲಿಗರನ್ನೂ ಪತ್ರಕರ್ತರನ್ನೂ ಒಂದೇ ವೇದಿಕೆಗೆ ಕರೆದರು. ಬೆಳಗಿನ ಮಾತುಕತೆ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಬಾಂಬ್ ಬೆದರಿಕೆ ಬಂತು, ಸಭಾಂಗಣ ಖಾಲಿ ಮಾಡಿಸಿದರು. ನಾಯಕರಿಲ್ಲದ ಆನ್‌ಲೈನ್ ಚಳವಳಿಯನ್ನು ಹೇಗೆ ವರದಿ ಮಾಡಬೇಕು ಎಂಬುದು ಮಧ್ಯಾಹ್ನದ ವಿಷಯವಾಗಿತ್ತು. ನಿಮ್ಮ ಪ್ರಶ್ನೆಯೇ ಅದು. ಆ ಸುದ್ದಿ ಓದಿದಾಗ ನನಗೆ ನಿಜವಾಗಿ ಸಂಕಟವಾಗಿತ್ತು.

ಇಂಥ ಗುಂಪುಗಳನ್ನು ಮಾತಾಡಿಸಿದರೆ ಅವುಗಳ ಬೆಂಕಿಗೆ ನಾವೇ ಗಾಳಿ ಹಾಕಿದಂತೆ ಎನ್ನುವವರಿದ್ದಾರೆ. ಮಾಧ್ಯಮ ಸಂಶೋಧಕಿ ವಿಟ್ನಿ ಫಿಲಿಪ್ಸ್ ಹತ್ತಾರು ಪತ್ರಕರ್ತರನ್ನು ಮಾತಾಡಿಸಿ 2018ರಲ್ಲಿ ಒಂದು ವರದಿ ಬರೆದರು. ಸುದ್ದಿಯಾಗುವುದಕ್ಕಾಗಿಯೇ ಕಿಡಿಗೇಡಿತನ ಮಾಡುವವರ ಬಗ್ಗೆ ಅವರು ಕೊಟ್ಟ ಎಚ್ಚರಿಕೆ ಸರಿಯಾದದ್ದೇ. ಆದರೆ ಪ್ರಶ್ನೆ ಕೇಳುವುದೇ ಬೇರೆ, ಮೈಕ್ ಕೊಡುವುದೇ ಬೇರೆ. ಕೇಳಿದ್ದನ್ನೆಲ್ಲ ಅಚ್ಚು ಹಾಕಬೇಕು ಅಂತ ಯಾರು ಹೇಳಿದರು? ಆರೋಪ ಹೊತ್ತವರಿಗೆ ಉತ್ತರಿಸಲು ಅವಕಾಶ ಕೊಡಲು ಶ್ರದ್ಧೆಯಿಂದ ಪ್ರಯತ್ನಿಸಿ ಎಂದು ಕೊರೆಟ್ಸ್ಕಿ ಇದ್ದ ಆ ಪತ್ರಕರ್ತರ ಸಂಘದ ನೀತಿಸಂಹಿತೆಯೇ ಹೇಳುತ್ತದೆ. ಹಾನಿ ಕಡಿಮೆ ಮಾಡಿ ಎಂದೂ ಅದೇ ಹೇಳುತ್ತದೆ. ಎರಡನ್ನೂ ಪಾಲಿಸಬಹುದು. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೆ.

ಆ ಹೊತ್ತೇ ಈಗ ಯಾವ ಸುದ್ದಿಮನೆಯಲ್ಲೂ ಇಲ್ಲ. ಮೂರು ಟ್ವೀಟ್ ಅಂಟಿಸಿ "ಜಾಲತಾಣದಲ್ಲಿ ಆಕ್ರೋಶ" ಎಂದು ಶೀರ್ಷಿಕೆ ಕೊಡುತ್ತಾರೆ. ಯಾರ ಆಕ್ರೋಶ, ಎಷ್ಟು ಜನರದು? ಕೇಳಿದರೆ ಉತ್ತರ ಇಲ್ಲ. ಸ್ಕ್ರೀನ್‌ಶಾಟ್ ತೆಗೆಯುವುದನ್ನು ಹೊಸಬರಿಗೆ ಮೊದಲ ದಿನವೇ ಕಲಿಸುತ್ತಾರೆ, ಅಪರಿಚಿತರಿಗೆ ಫೋನ್ ಮಾಡಿ ಮಾತಾಡಿಸುವುದನ್ನು ಯಾರೂ ಕಲಿಸುವುದಿಲ್ಲ. ತಪ್ಪಾದಾಗ ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬರುತ್ತದೆ. ತಪ್ಪು ಮಾತ್ರ ಮುಖಪುಟದಲ್ಲಿ ಬಂದಿರುತ್ತದೆ.

ಮುಂದಿನ ಸಂಚಿಕೆಯಲ್ಲಿ ಆ ಲೇಖನ ಇದ್ದ ಪುಟದಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ ನಮ್ಮ ತಿದ್ದುಪಡಿ ಬರುತ್ತದೆ. ಅದರ ಕೆಳಗೆ ನಿಮ್ಮ ಪತ್ರವೂ ಪೂರ್ತಿ ಬರುತ್ತದೆ. ಆ ಯುವತಿಯ ಖಾಸಗಿ ಬದುಕಿನ ಬಗ್ಗೆ ಬರೆದ ಎರಡು ಸಾಲನ್ನು ಮಾತ್ರ ತೆಗೆದಿದ್ದೇನೆ. ಅವರನ್ನು ನೀವೂ ಕೇಳಿಲ್ಲ, ಅಲ್ವಾ?