ಇಂಗ್ಲೆಂಡಿನ ಕಾಲುವೆಗಳಲ್ಲಿ ಗೆಳೆಯರ ಜೊತೆ ದೋಣಿ ಪ್ರವಾಸಕ್ಕೆ ನಾಯಿಯನ್ನೂ ಕರೆದೊಯ್ಯಬಹುದೇ? ಲಾಕ್ (ದೋಣಿಯನ್ನು ಮೇಲಿನ ಕಾಲುವೆಯಿಂದ ಕೆಳಗಿನದಕ್ಕೆ ಇಳಿಸುವ, ಇಲ್ಲವೇ ಮೇಲಕ್ಕೆ ಹತ್ತಿಸುವ ಗೇಟಿನ ತೊಟ್ಟಿ) ದಾಟುವಾಗ ನಾಯಿಯನ್ನು ಏನು ಮಾಡುವುದು?

ಧಾರಾಳವಾಗಿ ಕರೆದುಕೊಂಡು ಹೋಗಿ. ಅಲ್ಲಿ ನ್ಯಾರೋಬೋಟ್, ಅಂದರೆ ಕಾಲುವೆಗೆಂದೇ ಮಾಡಿದ ಕಿರಿದಾದ ಉದ್ದನೆಯ ದೋಣಿ, ಬಾಡಿಗೆಗೆ ಕೊಡುವವರಲ್ಲಿ ಹೆಚ್ಚಿನವರು ನಾಯಿ ಬೇಡ ಅನ್ನುವುದಿಲ್ಲ, ಒಂದಿಷ್ಟು ಹೆಚ್ಚುವರಿ ಹಣ ಕೇಳಬಹುದು ಅಷ್ಟೇ. ದೋಣಿ ನಡೆಸಲು ಲೈಸೆನ್ಸ್ ಕೂಡ ಬೇಕಿಲ್ಲ; ಹೊರಡುವ ಮೊದಲು ಅವರೇ ಹೇಳಿಕೊಡುತ್ತಾರೆ. ನಾಲ್ವರು ಗೆಳೆಯರು, ಒಂದು ಲ್ಯಾಬ್ರಡಾರ್, ಯಾರಿಗೂ ದೋಣಿ ನಡೆಸಿ ಅಭ್ಯಾಸವಿಲ್ಲ ಎಂದಿದ್ದೀರಿ. ನಾಲ್ವರು ಅನ್ನುವುದು ಲಾಕಿಗೆ ಹೇಳಿ ಮಾಡಿಸಿದ ಸಂಖ್ಯೆ. ನಾನು ಗೆಳೆಯರ ಜೊತೆ, ಅವರಲ್ಲೊಬ್ಬನ ಸ್ಪ್ಯಾನಿಯಲ್ ಜೊತೆ ಆ ಕಾಲುವೆಗಳಲ್ಲಿ ಸುತ್ತಿದ್ದೇನೆ. ನನ್ನ ಮಾತು ಇಷ್ಟೇ: ಪ್ರತಿ ಲಾಕಿನಲ್ಲೂ ನಾಲ್ವರಲ್ಲಿ ಒಬ್ಬರಿಗೆ ನಾಯಿಯನ್ನು ನೋಡಿಕೊಳ್ಳುವುದು ಬಿಟ್ಟು ಬೇರೆ ಯಾವ ಕೆಲಸವೂ ಇರಬಾರದು.

ಯಾಕೆ ಅಂತ ತಿಳಿಯಬೇಕಾದರೆ ಲಾಕಿನ ಕೆಲಸ ಗೊತ್ತಿರಬೇಕು. ಎರಡೂ ತುದಿಗೆ ಗೇಟು ಇರುವ ಇಟ್ಟಿಗೆ ಅಥವಾ ಕಲ್ಲಿನ ಉದ್ದನೆಯ ತೊಟ್ಟಿ ಅದು. ಒಂದು ಬದಿಯ ಕಾಲುವೆ ಮೇಲೆ, ಇನ್ನೊಂದು ಬದಿಯದ್ದು ಎರಡು–ಮೂರು ಮೀಟರ್ ಕೆಳಗೆ. ಸಣ್ಣ ಲಾಕ್‌ಗಳ ಅಗಲ ಸುಮಾರು 7 ಅಡಿ, ದೋಣಿಯದ್ದು 6 ಅಡಿ 10 ಅಂಗುಲ. ಅಂದರೆ ಗೋಡೆಗೂ ದೋಣಿಗೂ ನಡುವೆ ಕೈ ಇಳಿಬಿಡುವಷ್ಟು ಜಾಗ ಮಾತ್ರ. ಪಂಪ್, ಕರೆಂಟು ಏನೂ ಇಲ್ಲ. ಗೇಟಿನಲ್ಲೋ ಪಕ್ಕದ ನೆಲದೊಳಗೋ ಇರುವ ಪ್ಯಾಡಲ್ ಎಂಬ ಹಲಗೆಯನ್ನು ವಿಂಡ್‌ಲಾಸ್ ಎಂಬ ಎಲ್ ಆಕಾರದ ಕಬ್ಬಿಣದ ಹಿಡಿಯಿಂದ ತಿರುಗಿಸಿ ಎತ್ತಿದರೆ ನೀರು ತಾನಾಗಿ ತುಂಬುತ್ತದೆ ಅಥವಾ ಖಾಲಿಯಾಗುತ್ತದೆ. ಒಂದು ಸಲಕ್ಕೆ ಸುಮಾರು 1 ಲಕ್ಷ ಲೀಟರ್. ಎರಡೂ ಕಡೆ ಮಟ್ಟ ಸರಿಯಾಗುವ ತನಕ ಗೇಟು ಮಿಸುಕುವುದಿಲ್ಲ. ಬರೀ ಹತ್ತು ಸೆಂಟಿಮೀಟರ್ ವ್ಯತ್ಯಾಸ ಉಳಿದಿದ್ದರೂ ಗೇಟಿನ ಮೇಲೆ ನಾಲ್ಕುನೂರು ಕಿಲೋದಷ್ಟು ಒತ್ತಡ ಬಿದ್ದಿರುತ್ತದೆ. ನಮ್ಮ ಗುಂಪಿನಲ್ಲಿ ಜಿಮ್‌ಗೆ ಹೋಗುವವನೊಬ್ಬ ಪ್ರತಿ ಸಲ ಇದನ್ನು ಪರೀಕ್ಷೆ ಮಾಡಿ ನೋಡುತ್ತಿದ್ದ. ನೀರು ಸಮವಾದ ಮೇಲೆ ಗೇಟಿನಿಂದ ದಂಡೆಯ ಮೇಲೆ ಚಾಚಿದ ಮರದ ತೊಲೆಗೆ ಬೆನ್ನು ಕೊಟ್ಟು ನಿಂತರೆ ಸಾಕು, ಅಷ್ಟು ದೊಡ್ಡ ಮರದ ಗೇಟು ಮೆಲ್ಲಗೆ ತೆರೆದುಕೊಳ್ಳುತ್ತದೆ. (ಈ ಉಪಾಯ ಇಂಗ್ಲಿಷರದ್ದಲ್ಲ. ಚೀನಾದಲ್ಲಿ 984ರಲ್ಲೇ ಚಿಯಾವೊ ವೈಯುಎ ಎಂಬ ಅಧಿಕಾರಿ ಇಂಥದ್ದನ್ನು ಕಟ್ಟಿಸಿದ್ದ.)

ಎಲ್ಲವೂ ನಿಧಾನ, ಹಾಗಾಗಿ ಗಮನ ಬೇರೆಡೆ ಹೋಗುವುದು ಸುಲಭ. ನಿಜವಾದ ಅಪಾಯ ಇಳಿಯುವ ಲಾಕಿನಲ್ಲಿದೆ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಎಂಬ ಕಲ್ಲಿನ ಕಟ್ಟೆ ತೊಟ್ಟಿಯೊಳಗೆ ಚಾಚಿಕೊಂಡಿರುತ್ತದೆ. ತುಂಬಿದಾಗ ಅದು ಕಾಣುವುದೇ ಇಲ್ಲ. ಅದೆಲ್ಲಿಯವರೆಗೆ ಇದೆ ಅಂತ ತೋರಿಸಲು ದಂಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿಯ ಹಿಂಭಾಗ ಆ ಗೆರೆಗಿಂತ ಮುಂದೆ ಇರಲೇಬೇಕು. ಹಿಂದೆ ಸರಿದು ಕಟ್ಟೆಯ ಮೇಲೆ ಕೂತರೆ, ನೀರು ಇಳಿದಂತೆ ಮೂತಿ ಮಾತ್ರ ಕೆಳಗೆ ಹೋಗುತ್ತದೆ. ನೀರು ಒಳನುಗ್ಗಿ ದೋಣಿ ಮುಳುಗಲು ತುಂಬ ಹೊತ್ತು ಬೇಕಿಲ್ಲ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ: ಕೆಳಗಿನ ಪ್ಯಾಡಲ್‌ಗಳನ್ನು ತಕ್ಷಣ ಇಳಿಸುವುದು, ಆಮೇಲೆ ಮೇಲಿನಿಂದ ನಿಧಾನವಾಗಿ ನೀರು ಬಿಡುವುದು. ಅದಕ್ಕೇ ಪ್ಯಾಡಲ್ ಎತ್ತಿದವರು ಫೋಟೋ ತೆಗೆಯಲು ಅಂತ ಜಾಗ ಬಿಟ್ಟು ಹೋಗಬಾರದು. ಚುಕ್ಕಾಣಿ ಹಿಡಿದವರು "ಮುಚ್ಚು" ಅಂದರೆ ಮುಚ್ಚಬೇಕು, "ಯಾಕೋ, ಏನಾಯ್ತು" ಅಂತ ಕೇಳುವುದೆಲ್ಲ ಆಮೇಲೆ. ಇಳಿಯುವಾಗ ದೋಣಿಯನ್ನು ದಡದ ಗೂಟಕ್ಕೆ ಗಂಟು ಹಾಕಿ ಕಟ್ಟಲೂಬಾರದು. ಹಗ್ಗವನ್ನು ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದು ಸಡಿಲ ಬಿಡುತ್ತಾ ಹೋಗಬೇಕು. ಹತ್ತುವ ಲಾಕಿನಲ್ಲಿ ಪ್ಯಾಡಲ್‌ಗಳನ್ನು ಒಮ್ಮೆಲೇ ಪೂರ್ತಿ ಎತ್ತದಿದ್ದರೆ ಮುಕ್ಕಾಲು ತಾಪತ್ರಯ ಇಲ್ಲ. ನೀರು ರಭಸವಾಗಿ ನುಗ್ಗಿದರೆ ದೋಣಿ ಹಿಂದೆ ಮುಂದೆ ಬಡಿದು ಒಳಗಿರುವ ಲೋಟ, ತಟ್ಟೆ, ನಾಯಿ ಎಲ್ಲ ಜಾರುತ್ತವೆ.

ಈಗ ನಾಯಿಯ ವಿಷಯ. ಅದಕ್ಕೆ ನೀರಿನ ಮಟ್ಟದ ಲೆಕ್ಕ ತಿಳಿಯುವುದಿಲ್ಲ. ನೀರು ತುಂಬಿದ ಲಾಕಿನಲ್ಲಿ ದೋಣಿ ದಂಡೆಯ ಮಟ್ಟಕ್ಕೇ ಇರುತ್ತದೆ, ನಾಯಿ ಟಣ್ಣನೆ ದಂಡೆಗೆ ಹಾರಿ ಹುಲ್ಲು ಮೂಸುತ್ತಾ ಹೋಗುತ್ತದೆ. ತಿರುಗಿ ನೋಡುವಷ್ಟರಲ್ಲಿ ಯಜಮಾನ ಎರಡು ಮೀಟರ್ ಕೆಳಗಿದ್ದಾನೆ. ಅವನು ತಲೆ ಎತ್ತಿ ಹೆಸರು ಕರೆದನೋ, ಅದು ಹಾರಿಯೇ ಬಿಡುತ್ತದೆ. ಹಾರಿದ್ದು ತಪ್ಪಿ ಗೋಡೆಗೂ ದೋಣಿಗೂ ನಡುವೆ ಬಿದ್ದರೆ ಪಕ್ಕದಲ್ಲಿ ಅಲುಗುವುದು ಹದಿನೈದು ಟನ್ ಆಸುಪಾಸಿನ ಉಕ್ಕು. ಆದ್ದರಿಂದ ಕೆಳಗಿನಿಂದ ಯಾರೂ ನಾಯಿಯನ್ನು ಕರೆಯಬಾರದು ಎಂಬ ಕರಾರನ್ನು ಮೊದಲ ದಿನವೇ ಮಾಡಿಕೊಳ್ಳಿ. ದೋಣಿಯಲ್ಲಿರುವ ನಾಯಿಯ ಹಗ್ಗವನ್ನು ದಂಡೆಯ ಯಾವುದಕ್ಕೂ ಕಟ್ಟಬೇಡಿ. ದೋಣಿ ಇಳಿಯುತ್ತದೆ, ಹಗ್ಗ ಇಳಿಯುವುದಿಲ್ಲ.

ನಾವು ಮಾಡುತ್ತಿದ್ದದ್ದು ಹೀಗೆ. ಲಾಕಿಗೆ ಮೊದಲೇ ಸಿಗುವ, ದೋಣಿಯಿಂದ ಇಳಿಯುವ ಕಟ್ಟೆಯಲ್ಲಿ ಇಬ್ಬರು ವಿಂಡ್‌ಲಾಸ್ ಹಿಡಿದು ಇಳಿಯುತ್ತಿದ್ದರು, ಮೂರನೆಯವನು ನಾಯಿಯ ಹಗ್ಗ ಹಿಡಿದು. ಅವನು ಲಾಕ್ ದಾಟಿ, ಗೇಟಿನ ಉದ್ದನೆಯ ಮರದ ತೊಲೆ ತಿರುಗುವ ಜಾಗವನ್ನೂ ದಾಟಿ ದಡದ ದಾರಿಯಲ್ಲಿ ದೂರ ನಿಲ್ಲುತ್ತಿದ್ದ. ಗೇಟಿನ ಮೇಲಿನ ಕಾಲುಹಲಗೆಯಲ್ಲಿ ನಾಯಿಯನ್ನು ದಾಟಿಸಲು ಹೋಗಬೇಡಿ, ಪಾಚಿ ಹಿಡಿದು ಮನುಷ್ಯರೇ ಜಾರುತ್ತಾರೆ. ಸ್ಪ್ಯಾನಿಯಲ್ಲಿಗೆ ಎಷ್ಟು ಅಭ್ಯಾಸವಾಯಿತು ಎಂದರೆ ಪ್ಯಾಡಲ್ ಏರುವಾಗಿನ ಕಟಕಟ ಸದ್ದು ಕೇಳಿದೊಡನೆ ತಾನಾಗಿ ಕುಕ್ಕರುಗಾಲಲ್ಲಿ ಕೂರುತ್ತಿತ್ತು, ಗೇಟು ಕಿರುಗುಟ್ಟಿದ ಮೇಲೆಯೇ ಬಾಲ ಆಡಿಸುತ್ತಿತ್ತು. ಮಳೆ ಸುರಿಯುತ್ತಿದ್ದರೆ ಕ್ಯಾಬಿನ್ನಿನೊಳಗೆ ಬಿಟ್ಟು ಎರಡೂ ಬಾಗಿಲು ಹಾಕಿಕೊಳ್ಳಿ, ಅದೂ ಸರಿಯೇ. ಚಾವಣಿಯ ಮೇಲೆ ನಾಯಿ ಕೂತ ಚಿತ್ರಗಳು ನೋಡಲು ಚೆಂದ, ಲಾಕಿನೊಳಗೆ ಬೇಡ.

ಲ್ಯಾಬ್ರಡಾರ್ ಚೆನ್ನಾಗಿ ಈಜುತ್ತದೆ, ಲೈಫ್ ಜಾಕೆಟ್ ಯಾಕೆ ಅನ್ನಬೇಡಿ. ಕಾಲುವೆಯ ದಡ ಎಷ್ಟೋ ಕಡೆ ನೆಟ್ಟಗಿನ ಕಬ್ಬಿಣದ ತಗಡು. ಈಜಿ ಬಂದರೂ ಹತ್ತಲು ಕಾಲಿಗೆ ಹಿಡಿತ ಸಿಗುವುದಿಲ್ಲ. ಬೆನ್ನ ಮೇಲೆ ಹಿಡಿಕೆ ಇರುವ ಜಾಕೆಟ್ ತನ್ನಿ. ಒದ್ದೆಯಾದ ಮೂವತ್ತು ಕಿಲೋ ನಾಯಿಯನ್ನು ಎತ್ತಬೇಕಾದಾಗ ಹಿಡಿಯಲು ಏನಾದರೂ ಬೇಕಲ್ಲ. ನಾಯಿಯಾಗಲಿ ಮನುಷ್ಯರಾಗಲಿ ಬಿದ್ದರೆ ಮೊದಲು ಇಂಜಿನ್ ಗೇರಿನಿಂದ ತೆಗೆದು ನ್ಯೂಟ್ರಲ್ ಮಾಡಿ, ಪ್ಯಾಡಲ್‌ಗಳನ್ನೆಲ್ಲ ಮುಚ್ಚಿ. ಹಿಂದೆ ತಿರುಗುತ್ತಿರುವ ಪ್ರೊಪೆಲರ್ ಇದೆ ಎಂಬುದನ್ನು ಮರೆತು ಯಾರೂ ಹಿಂದೆಯೇ ನೀರಿಗೆ ಹಾರಬಾರದು. ಬೇಸಿಗೆಯಲ್ಲಿ ನೀರಿನ ಮೇಲೆ ನೀಲಿ-ಹಸಿರು ಪಾಚಿಯ ಕೆನೆ ಕಂಡರೆ ನಾಯಿಯನ್ನು ಹತ್ತಿರ ಬಿಡಬೇಡಿ, ಅದು ನಾಯಿಗಳಿಗೆ ವಿಷ.

ಮಾರ್ಗದ ಆಯ್ಕೆಯಲ್ಲಿ ದುರಾಸೆ ಬೇಡ. ಟಾರ್ಡಿಬಿಗ್‌ನ 30 ಲಾಕ್, ಡಿವೈಜಸ್ ಬಳಿಯ ಕೇನ್ ಹಿಲ್‌ನ 29 ಲಾಕ್ ಹೆಸರುವಾಸಿ. ಮೊದಲ ಸಲಕ್ಕೆ ಅಲ್ಲ. ಫಾಕ್ಸ್‌ಟನ್‌ನಲ್ಲಿ ಐದೈದು ಲಾಕ್ ಒಂದಕ್ಕೊಂದು ಅಂಟಿಕೊಂಡಿವೆ, ಅಲ್ಲಿ ಕೆಂಪು ಪ್ಯಾಡಲ್ ಮೊದಲು, ಬಿಳಿಯದ್ದು ಆಮೇಲೆ ಎತ್ತಬೇಕು. ಸಿಬ್ಬಂದಿ ಪಕ್ಕದಲ್ಲೇ ನಿಂತು ಹೇಳುವುದರಿಂದ ಹೆದರಬೇಕಿಲ್ಲ. ಲಾಕ್ ಬೇಡವೇ ಬೇಡ ಅಂದರೆ 22 ಮೈಲಿಯ ಆಶ್‌ಬಿ ಕಾಲುವೆ ಇದೆ, ಆದರೆ ಅದು ಸಪ್ಪೆ. ನಾನಾದರೆ ವೇಲ್ಸ್ ಗಡಿಯ ಲ್ಯಾಂಗೊಲೆನ್ ಕಾಲುವೆ ಆರಿಸುತ್ತೇನೆ. ಟ್ರೆವರ್‌ನಿಂದ ಎಲ್ಸ್‌ಮಿಯರ್‌ಗೆ ಹೋಗುವಾಗ ಸಿಗುವುದು ನ್ಯೂ ಮಾರ್ಟನ್‌ನ ಎರಡೇ ಲಾಕ್, ಕಲಿಯಲು ಸಾಕು. ಅದೇ ದಾರಿಯಲ್ಲಿ 1805ರಲ್ಲಿ ತೆರೆದ ಪಾಂಟ್‌ಕಸಲ್ತೆ ಮೇಲ್ಗಾಲುವೆ ಬರುತ್ತದೆ. ಕಣಿವೆಯಿಂದ 38 ಮೀಟರ್ ಎತ್ತರದಲ್ಲಿ ಕಬ್ಬಿಣದ ತೊಟ್ಟಿಯೊಳಗೆ ದೋಣಿ ತೇಲುತ್ತದೆ. ಒಂದು ಕಡೆ ನಡೆಯುವ ದಾರಿ, ಕಂಬಿ ಇದೆ. ಇನ್ನೊಂದು ಕಡೆ ನೀರಿನಿಂದ ಗೇಣು ಮೇಲಕ್ಕೆ ತೊಟ್ಟಿಯ ಅಂಚು, ಅದರಾಚೆ ಏನೂ ಇಲ್ಲ. ಅಲ್ಲಿ ನಾಯಿ ಕ್ಯಾಬಿನ್ನಿನೊಳಗೇ ಇರಲಿ.

ದಿನದ ಲೆಕ್ಕ ಹಾಕಲು ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿ, ಬಂದಷ್ಟು ಗಂಟೆ. ವೇಗದ ಮಿತಿಯೇ ಗಂಟೆಗೆ 4 ಮೈಲಿ. ನಾಯಿ ಜೊತೆಗಿದ್ದರೆ ಐದು ಗಂಟೆಗಿಂತ ಹೆಚ್ಚಿನ ದಿನ ಇಟ್ಟುಕೊಳ್ಳಬೇಡಿ. ಬಾಡಿಗೆ ದೋಣಿಗಳನ್ನು ಸಾಮಾನ್ಯವಾಗಿ ಕತ್ತಲಾದ ಮೇಲೆ ಓಡಿಸಲು ಬಿಡುವುದಿಲ್ಲ, ಹಾಗಾಗಿ ಸಂಜೆ ಎಲ್ಲಿ ಕಟ್ಟುವುದು ಎಂಬುದನ್ನು ಬೆಳಿಗ್ಗೆಯೇ ನಕ್ಷೆಯಲ್ಲಿ ನೋಡಿಟ್ಟುಕೊಳ್ಳಿ.