ಗಾಜಿನ ಮೈಯೇ ದಿಕ್ಕು ತೋರುವುದು

ಪ್ರಶ್ನೆ: ಒಂದೇ ಸೀಸೆಯ 5ಸಿಬಿ ದ್ರವ ಸ್ಫಟಿಕವನ್ನು ಎರಡು ಗಾಜುಗಳ ನಡುವೆ ತುಂಬಿ, ಅಡ್ಡಡ್ಡ ಇಟ್ಟ ಪೋಲರೈಸರ್‌ಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ಮಧ್ಯೆ ನೋಡಿದೆ. ಬರೀ ಗಾಜಿನಲ್ಲಿ ಕಪ್ಪು ಎಳೆಗಳು. ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪಾಲಿಮರ್ ಬಳಿದು ಉಜ್ಜಿದ ಗಾಜಿನಲ್ಲಿ ತೇಪೆ ತೇಪೆ. ಮಳೆಗಾಲದಲ್ಲಂತೂ ಒಂದೂ ಸರಿಬರುತ್ತಿಲ್ಲ. ಏಕೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಶಂಕರಘಟ್ಟ

ಉತ್ತರ: ದ್ರವ ಸ್ಫಟಿಕ ದ್ರವದಂತೆ ಹರಿದರೂ ಅದರ ಕಡ್ಡಿಯಂಥ ಅಣುಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುತ್ತವೆ. ಯಾವ ದಿಕ್ಕಿಗೆ ಎಂಬುದನ್ನು ಗಾಜಿಗೆ ತಾಗಿದ, ಕೆಲವೇ ನ್ಯಾನೋಮೀಟರ್ ದಪ್ಪದ ಪದರ ಗೊತ್ತುಮಾಡುತ್ತದೆ. ನೆರೆಯ ಅಣುವಿಗೆ ಓರೆಯಾಗಿ ನಿಲ್ಲಲು ಶಕ್ತಿ ಬೇಕು. ಆದ್ದರಿಂದ ಅದೇ ದಿಕ್ಕು ಹಲವು ಮೈಕ್ರಾನ್ ಒಳಗೂ ಹಬ್ಬುತ್ತದೆ. ಬರೀ ಗಾಜು ಯಾವ ದಿಕ್ಕನ್ನೂ ಹೇಳುವುದಿಲ್ಲ. ಎಳೆಗಳು ಕಾಣುವುದು ಅದಕ್ಕೇ.

ತೇಪೆಗೆ ಕಾರಣ ಹೆಚ್ಚಾಗಿ ತೇವ. ಪಾಲಿವಿನೈಲ್ ಆಲ್ಕೊಹಾಲ್ ನೀರು ಹೀರುವ ವಸ್ತು; ಮಲೆನಾಡಿನ ಜುಲೈ ಗಾಳಿಯಲ್ಲಿ ಲೇಪ ಮೆತ್ತಗಾಗಿ, ಉಜ್ಜುವಾಗ ಕಿತ್ತುಬರುತ್ತದೆ. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 1 ಗ್ರಾಂ ಹಾಕಿ, ಸುಮಾರು 90 ಡಿಗ್ರಿಯಲ್ಲಿ ಕಲಕುತ್ತಾ ಕರಗಿಸಿ, ಆರಿಸಿ, ಸೋಸಿ. ಸೋಪು, ಡಿಸ್ಟಿಲ್ಡ್ ನೀರು, ಐಸೊಪ್ರೊಪೈಲ್ ಆಲ್ಕೊಹಾಲ್‌ಗಳಲ್ಲಿ ಕ್ರಮವಾಗಿ ತೊಳೆದು ಒಣಗಿಸಿದ ಗಾಜನ್ನು ಅದರಲ್ಲಿ ಅದ್ದಿ, ನಿಧಾನವಾಗಿ ಮೇಲೆತ್ತಿ, ನೆಟ್ಟಗೆ ನಿಲ್ಲಿಸಿ ಬಸಿಯಲು ಬಿಡಿ. ಬಳಿಕ 100 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ. ಆರಿದ ಕೂಡಲೇ ವೆಲ್ವೆಟ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಹತ್ತಿಪ್ಪತ್ತು ಸಲ ಹಗುರವಾಗಿ ಉಜ್ಜಿ. ಹಿಂದಕ್ಕೂ ಮುಂದಕ್ಕೂ ತಿಕ್ಕಬೇಡಿ. ಉಜ್ಜಿದಾಗ ಪಾಲಿಮರ್ ಸರಪಳಿಗಳು ಆ ದಿಕ್ಕಿಗೆ ಚಾಚಿಕೊಳ್ಳುತ್ತವೆ, ಅಣುಗಳು ಅವುಗಳ ಜೊತೆಗೆ ಮಲಗುತ್ತವೆ. ಅದೇ ದಿನ ತುಂಬಲಾಗದಿದ್ದರೆ ಗಾಜುಗಳನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿಡಿ.

ಉಜ್ಜಿದ ದಿಕ್ಕುಗಳು ಸಮಾನಾಂತರವಾಗಿದ್ದು ಒಂದಕ್ಕೊಂದು ವಿರುದ್ಧವಾಗುವಂತೆ ಎರಡು ಗಾಜುಗಳನ್ನು ಜೋಡಿಸಿ, ನಡುವೆ 6 ಮೈಕ್ರಾನ್ ದಪ್ಪದ ಮೈಲಾರ್ (ಪ್ಲಾಸ್ಟಿಕ್ ಹಾಳೆ) ಪಟ್ಟಿ ಇಡಿ. ತುಂಬುವಾಗ ಗಾಜು, ದ್ರವ ಎರಡೂ 40 ಡಿಗ್ರಿಯಲ್ಲಿರಲಿ, ಇದನ್ನು ಬಿಡಲೇಬೇಡಿ. 5ಸಿಬಿ ಸುಮಾರು 35 ಡಿಗ್ರಿಯ ಮೇಲೆ ಸಾಮಾನ್ಯ ದ್ರವ. ಅದಕ್ಕಿಂತ ತಣ್ಣಗೆ ತುಂಬಿದರೆ ಹರಿದ ದಿಕ್ಕೇ ಮೇಲ್ಮೈಯಲ್ಲಿ ಅಚ್ಚೊತ್ತಿ ಉಳಿಯಬಹುದು. ಆಮೇಲೆ ಮೆಲ್ಲಗೆ ತಣಿಸಿ. ಸ್ಲೈಡ್ ತಿರುಗಿಸಿದಾಗ 90 ಡಿಗ್ರಿಗೊಮ್ಮೆ ಇಡೀ ಪ್ರದೇಶ ಒಟ್ಟಿಗೆ ಕಪ್ಪಾದರೆ ಜೋಡಣೆ ಸರಿ.

ಪ್ರಶ್ನೆ: ಲೆಸಿಥಿನ್ (ಕೊಬ್ಬಿನಂಥ ವಸ್ತು) ಲೇಪಿಸಿದ ಸ್ಲೈಡ್ ಹೇಗೆ ತಿರುಗಿಸಿದರೂ ಕಪ್ಪು. ಏಪ್ರಿಲ್ ಬಿಸಿಲಿಗೆ 5ಸಿಬಿ ಕರಗಿಹೋಗಿದೆಯೇ?
— ಉಪನ್ಯಾಸಕರು, ಶಿವಮೊಗ್ಗ

ಉತ್ತರ: 5ಸಿಬಿ ಕರಗಿರಬಹುದು, ಇಲ್ಲವೇ ಅಣುಗಳು ನೆಟ್ಟಗೆ ನಿಂತಿರಬಹುದು; ಎರಡೂ ಸಾಧ್ಯ. ಲೆಸಿಥಿನ್ ಅಣುಗಳ ಬಾಲಗಳು ಗಾಜಿನಿಂದ ಮೇಲಕ್ಕೆ ನಿಂತು 5ಸಿಬಿ ಅಣುಗಳನ್ನೂ ನೆಟ್ಟಗೆ ನಿಲ್ಲಿಸುತ್ತವೆ. ಬೆಳಕು ಅವುಗಳ ಉದ್ದಕ್ಕೇ ಸಾಗುವುದರಿಂದ ಅದರ ಕಂಪನದ ದಿಕ್ಕು ಬದಲಾಗುವುದಿಲ್ಲ, ಎರಡನೇ ಪೋಲರೈಸರ್ ಅದನ್ನು ತಡೆಯುತ್ತದೆ; ಅದಕ್ಕೇ ಕಪ್ಪು. ಸ್ಲೈಡನ್ನು ಪೋಲರೈಸರ್‌ಗೆ 45 ಡಿಗ್ರಿ ಕೋನದ ಅಕ್ಷದ ಮೇಲೆ ಸ್ವಲ್ಪ ಓರೆ ಮಾಡಿ. ಬೆಳಕು ಕಂಡರೆ ಅಣುಗಳು ನೆಟ್ಟಗೆ ನಿಂತಿವೆ. ಕಪ್ಪಾಗಿಯೇ ಉಳಿದರೆ ಕೋಣೆ 35 ಡಿಗ್ರಿ ದಾಟಿದೆಯೇ ನೋಡಿ.