2011ರ ಗಣತಿಯಂತೆ 13.8 ಲಕ್ಷ ಜನರ ಅರುಣಾಚಲಕ್ಕೂ 3.34 ಕೋಟಿ ಜನರ ಕೇರಳಕ್ಕೂ 2021–26ರಲ್ಲಿ ಕೇಂದ್ರ ತೆರಿಗೆಯ ಪಾಲು ಹತ್ತಿರ ಹತ್ತಿರ ಒಂದೇ ಇತ್ತು, ಯಾಕೆ?
ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಹೇಳುವುದು ಹಣಕಾಸು ಆಯೋಗ. 15ನೇ ಆಯೋಗ 2021–26ಕ್ಕೆ ಹಾಕಿಕೊಟ್ಟ ಲೆಕ್ಕದಲ್ಲಿ ರಾಜ್ಯಗಳ ಪಾಲಿನ ಪ್ರತಿ ನೂರು ರೂಪಾಯಿಗೆ ಕೇರಳಕ್ಕೆ 1.925, ಅರುಣಾಚಲಕ್ಕೆ 1.757. ತಲೆ ಎಣಿಸಿ ಹಂಚಿದ್ದರೆ ಅರುಣಾಚಲಕ್ಕೆ ಪುಡಿಗಾಸಷ್ಟೇ ಬರುತ್ತಿತ್ತು.

ಅದನ್ನು ಮೇಲೆತ್ತಿದ್ದು ನೆಲ ಮತ್ತು ಕಾಡು. ಆ ಆಯೋಗದ ಹಂಚಿಕೆ ಸೂತ್ರದ ನೂರು ಅಂಕಗಳಲ್ಲಿ 15 ವಿಸ್ತೀರ್ಣಕ್ಕೆ, 10 ಅರಣ್ಯಕ್ಕೆ ಇದ್ದವು. ಅರುಣಾಚಲದ ವಿಸ್ತೀರ್ಣ 83,743 ಚದರ ಕಿ.ಮೀ.; ದೇಶದ ದಟ್ಟ ಕಾಡಿನ ಹೆಚ್ಚುಕಡಿಮೆ ಎಂಟನೇ ಒಂದು ಭಾಗ ಅಲ್ಲೇ ಇದೆ. ಅದರ ಪಾಲಿನ ಬಹುಭಾಗ ಈ ಎರಡರಿಂದಲೇ ಬಂದದ್ದು.

ವಿಸ್ತೀರ್ಣಕ್ಕೆ ಅಂಕ ಕೊಡಲು ಶುರುಮಾಡಿದ್ದು 10ನೇ ಆಯೋಗ, ಆಗ ಬರೀ 5. ಕಾರಣ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ನಾನು ಹೊಸನಗರದ ಕಡೆಯವನು. ನಮ್ಮಲ್ಲಿ ಗುಡ್ಡಕ್ಕೊಂದು ಮನೆ. ಒಂದು ಮನೆಗೆ ಕರೆಂಟು ಕೊಡಲು ಸಾಲು ಕಂಬ ನೆಡಬೇಕು, ನಾಲ್ಕು ಮಕ್ಕಳು ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಲು ಒಂದು ಕಾಲುಸಂಕ ಬೇಕು. ಬಯಲುಸೀಮೆಯಲ್ಲಿ ಅಷ್ಟೇ ದುಡ್ಡಿಗೆ ಒಂದಿಡೀ ಕೇರಿಯ ಕೆಲಸ ಮುಗಿದೀತು.

ಆದರೆ ಆ ಸೂತ್ರಕ್ಕೆ ಏರು-ಇಳುಕಲು ಕಾಣುತ್ತಿರಲಿಲ್ಲ. ಜೈಸಲ್ಮೇರಿನ ಮರಳಿಗೂ ತವಾಂಗಿನ ಬೆಟ್ಟಕ್ಕೂ ಒಂದೇ ಚದರ ಕಿ.ಮೀ. ಇನ್ನೊಂದು ತಮಾಷೆ ನೋಡಿ: ದೇಶದ ವಿಸ್ತೀರ್ಣದಲ್ಲಿ ಶೇ. 2ಕ್ಕಿಂತ ಕಡಿಮೆ ಇರುವ ರಾಜ್ಯಗಳನ್ನೆಲ್ಲ 2 ಎಂದೇ ಹಿಡಿದಿದ್ದರು. ಹಾಗಾಗಿ 3,702 ಚದರ ಕಿ.ಮೀ.ನ ಗೋವಾ, ಅದರ ಹತ್ತು ಪಟ್ಟಿರುವ ಕೇರಳ, ಇಬ್ಬರೂ ಸಮ!

ಈ ವಿಷಯದಲ್ಲಿ ಆಸ್ಟ್ರೇಲಿಯಾದವರು ಜಾಣರು ಅನ್ನಿಸುತ್ತದೆ. 1933ರಿಂದ ಇರುವ ಅವರ ಅನುದಾನ ಆಯೋಗ, ದೂರದ ಊರಲ್ಲಿ ಶಾಲೆ, ಆಸ್ಪತ್ರೆ ನಡೆಸಲು ಎಷ್ಟು ಹೆಚ್ಚು ತಗಲುತ್ತದೆ ಎಂದೇ ಲೆಕ್ಕ ಹಾಕುತ್ತದೆ. ಸುಮಾರು ಎರಡೂವರೆ ಲಕ್ಷ ಜನರ ನಾರ್ದರ್ನ್ ಟೆರಿಟರಿಗೆ ಅಲ್ಲಿನ ಜಿಎಸ್‌ಟಿಯಲ್ಲಿ ತಲಾವಾರು ಸರಾಸರಿಯ ಸುಮಾರು ಐದು ಪಟ್ಟು ಹೋಗುತ್ತದೆ.

ಹಾಗಾದರೆ ಘಟ್ಟ, ಕಾಡು, 1,91,791 ಚದರ ಕಿ.ಮೀ. ನೆಲ ಎಲ್ಲ ಇರುವ ಕರ್ನಾಟಕದ ಪಾಲು 14ನೇ ಆಯೋಗದ ಲೆಕ್ಕದ ಶೇ. 4.713ರಿಂದ 15ನೆಯದರಲ್ಲಿ 3.647ಕ್ಕೆ ಇಳಿದಿದ್ದು ಹೇಗೆ ಎಂದೂ ಕೇಳಿದ್ದೀರಿ. ಆ ಸೂತ್ರದಲ್ಲಿ 45 ಅಂಕ ತಲಾ ಆದಾಯದ ಅಂತರಕ್ಕೆ ಇತ್ತು, ಅಂದರೆ ತಲಾ ಆದಾಯ ಕಡಿಮೆ ಇದ್ದಷ್ಟೂ ಪಾಲು ಹೆಚ್ಚು. ಬೆಂಗಳೂರಿನ ಗಳಿಕೆ ಇಡೀ ರಾಜ್ಯದ ಸರಾಸರಿಯನ್ನು ಏರಿಸುತ್ತದೆ, ಅದರ ಮುಂದೆ ವಿಸ್ತೀರ್ಣ, ಅರಣ್ಯದ 25 ಅಂಕ ನಿಲ್ಲಲಿಲ್ಲ. ತೆರಿಗೆಯ ಮೇಲೆ ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್, ಸರ್‌ಚಾರ್ಜ್ ದುಡ್ಡಂತೂ ಈ ಹಂಚಿಕೆಗೇ ಬರುವುದಿಲ್ಲ. ಅದು ಬೇರೆಯೇ ಜಗಳ, ಬೇರೆ ಪ್ರಶ್ನೆ ಹಾಕಿ, ಬರೆಯುತ್ತೇನೆ.